ಸೋಮವಾರಪೇಟೆಗೂ ದುಶಾಂಬೆಗೂ ಏನು ನಂಟು? ಒಂದೇ ಹೆಸರಿನ ಊರುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯಲ್ಲಿ ಮಕ್ಕಳಿಗೆ ಇತಿಹಾಸ ಪಾಠ ಮಾಡುವವನು ನಾನು. ಭೂಪಟ ಬಿಡಿಸಿದರೆ ಸಾಕು, "ಸರ್, ಹೈದರಾಬಾದ್ ಪಾಕಿಸ್ತಾನದಲ್ಲೂ ಇದೆಯಲ್ಲ, ಅದು ಹೇಗೆ?" ಎಂದು ಒಬ್ಬರಾದರೂ ಕೇಳುತ್ತಾರೆ. ಮಕ್ಕಳ ಪೋಷಕರು, ನಮ್ಮ ಕಡೆಯ ಹೋಂಸ್ಟೇಗಳಿಗೆ ಬರುವ ಅತಿಥಿಗಳು, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಕೂಡ ಇಂಥದ್ದೇ ಪ್ರಶ್ನೆ ಕೇಳಿದ್ದಾರೆ. ಹೆಚ್ಚು ಸಲ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಸಾಧ್ಯವಾದಲ್ಲೆಲ್ಲ ಕೊಡಗಿನ ಊರುಗಳಿಂದಲೇ ಮಾತು ಶುರು ಮಾಡಿದ್ದೇನೆ, ಏಕೆಂದರೆ ಪ್ರಪಂಚದ ಊರುಗಳಿಗೆ ಹೆಸರು ಬಂದ ಬಗೆಗಳಲ್ಲಿ ಬಹುಪಾಲು ಈ ಪುಟ್ಟ ಜಿಲ್ಲೆಯಲ್ಲೇ ಕಾಣಸಿಗುತ್ತವೆ.

ಬೇರೆ ಬೇರೆ ದೇಶಗಳ ಊರುಗಳಿಗೆ ಒಂದೇ ಹೆಸರು ಬರುವುದು ಹೇಗೆ?

ಬಹಳಷ್ಟು ಸಲ ಜನ ವಲಸೆ ಹೋಗುವಾಗ ಹೆಸರನ್ನೂ ಜೊತೆಗೆ ಒಯ್ಯುತ್ತಾರೆ. ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ ಬಾಸ್ಟನ್ ಎಂಬ ಹಳೆಯ ಊರಿದೆ. ಆ ಸೀಮೆಯಿಂದ ಹೊರಟವರು 1630ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ನೆಲೆ ನಿಂತಾಗ ಅಲ್ಲಿಯೂ ಒಂದು ಬಾಸ್ಟನ್ ಹುಟ್ಟಿತು. ಇಂದು ಮಗಳ ಹೆಸರನ್ನು ಜಗತ್ತೆಲ್ಲ ಬಲ್ಲದು, ತಾಯಿಯನ್ನು ಬಲ್ಲವರು ಕಡಿಮೆ. ಸ್ಪೇನಿನವರದೂ ಇದೇ ರೂಢಿ. ಸ್ಪೇನಿನಲ್ಲಿ ರೋಮನ್ನರು ಕಟ್ಟಿದ ಮೆರಿಡಾ ಇತ್ತು. ಮೆಕ್ಸಿಕೋದಲ್ಲಿ 1542ರಲ್ಲಿ ಒಂದು ಮೆರಿಡಾ, ವೆನೆಜುವೆಲಾದಲ್ಲಿ 1558ರಲ್ಲಿ ಇನ್ನೊಂದು ಎದ್ದವು.

ಒಬ್ಬನೇ ದೊರೆಯ ಅಥವಾ ಅಧಿಕಾರಿಯ ಹೆಸರು ಹಲವು ಕಡೆ ಬೀಳುವುದು ಇನ್ನೊಂದು ಬಗೆ. ದೇವರು, ಸಂತರ ಹೆಸರುಗಳೂ ಹೀಗೆಯೇ ಹರಡುತ್ತವೆ: ಕ್ಯಾಲಿಫೋರ್ನಿಯಾದಲ್ಲೊಂದು ಸ್ಯಾನ್ ಹೋಸೆ ಇದೆ, ಕೋಸ್ಟರಿಕಾದ ರಾಜಧಾನಿಯೂ ಸ್ಯಾನ್ ಹೋಸೆಯೇ, ಎರಡೂ ಸಂತ ಜೋಸೆಫರ ಹೆಸರು. ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಜನ ಒಂದೇ ರೀತಿ ಯೋಚಿಸಿ ಹೆಸರಿಟ್ಟದ್ದೂ ಉಂಟು. ಉಳಿದದ್ದು ಶುದ್ಧ ಕಾಕತಾಳೀಯ.

ನಮ್ಮ ಹತ್ತಿರದಲ್ಲಿ ಹೀಗೆ ಹೊತ್ತು ತಂದ ಹೆಸರು ಯಾವುದಾದರೂ ಇದೆಯೇ?

ಇದೆ, ಅದೂ ಕುಶಾಲನಗರದ ಸೇತುವೆ ದಾಟಿದ ಕೂಡಲೇ. ಕಾವೇರಿಯ ಆಚೆ ದಡ ಪಿರಿಯಾಪಟ್ಟಣ ತಾಲ್ಲೂಕು, ಮೈಸೂರು ಜಿಲ್ಲೆ. ಅಲ್ಲಿಯ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟಿಯನ್ನರು ನೆಲೆಸಿದ್ದಾರೆ. ಪ್ರವಾಸಿಗರು ಚಿನ್ನದ ಬಣ್ಣದ ಬುದ್ಧ ಮೂರ್ತಿಗಳನ್ನು ನೋಡಿ, ಮೊಮೊ ತಿಂದು ಹಿಂತಿರುಗುತ್ತಾರೆ. ಆದರೆ ಅಲ್ಲಿಯ ಮಠಗಳ ಫಲಕಗಳನ್ನು ಒಮ್ಮೆ ನಿಧಾನವಾಗಿ ಓದಿ. ಸೆರಾ. ತಾಶಿ ಲ್ಹುನ್ಪೊ. ಇವೆರಡೂ ಟಿಬೆಟಿನ ಹೆಸರುಗಳು, ಮತ್ತು ಆ ಹೆಸರಿನ ಮೂಲ ಮಠಗಳು ಇಂದಿಗೂ ಟಿಬೆಟಿನಲ್ಲಿಯೇ ನಿಂತಿವೆ.

ಸೆರಾ ಮಠ 1419ರಲ್ಲಿ ಲಾಸಾ ನಗರದ ಉತ್ತರಕ್ಕೆ ಬೆಟ್ಟದ ಬುಡದಲ್ಲಿ ಸ್ಥಾಪನೆಯಾಯಿತು. ತಾಶಿ ಲ್ಹುನ್ಪೊವನ್ನು 1447ರಲ್ಲಿ ಶಿಗಾಟ್ಸೆಯಲ್ಲಿ ಕಟ್ಟಿದವರು ಮುಂದೆ ಮೊದಲ ದಲಾಯಿ ಲಾಮಾ ಎಂದು ಎಣಿಸಲಾದ ಗೆಂದುನ್ ದ್ರುಪ್. 1959ರಲ್ಲಿ ಟಿಬೆಟ್ ಬಿಟ್ಟು ಓಡಿಬಂದ ಭಿಕ್ಷುಗಳಲ್ಲಿ ಅನೇಕರು ಪಶ್ಚಿಮ ಬಂಗಾಳದ ಬಕ್ಸಾ ಎಂಬಲ್ಲಿ, ಬ್ರಿಟಿಷರ ಕಾಲದ ಹಳೆಯ ಬಂದಿಖಾನೆಯಲ್ಲಿ, ಸುಮಾರು ಹತ್ತು ವರ್ಷ ಕಳೆದರು. ಕಾಯಿಲೆ, ಸೆಕೆ, ಸಾವು ಎಲ್ಲವನ್ನೂ ಅಲ್ಲಿ ಕಂಡರು. ಆಮೇಲೆ ಅವರಿಗೆ ಕರ್ನಾಟಕದಲ್ಲಿ ನೆಲ ಸಿಕ್ಕಿತು. ಸೆರಾದವರು ಬೈಲಕುಪ್ಪೆಗೆ ಬಂದರು. ಡ್ರೆಪುಂಗ್ ಮತ್ತು ಗಾಂದೆನ್ ಮಠದವರು ಉತ್ತರ ಕನ್ನಡದ ಮುಂಡಗೋಡಕ್ಕೆ ಹೋದರು. ತಾಶಿ ಲ್ಹುನ್ಪೊ ಬೈಲಕುಪ್ಪೆಯಲ್ಲಿ ಮತ್ತೆ ಆರಂಭವಾದದ್ದು 1972ರಲ್ಲಿ.

ನನಗೆ ಇಲ್ಲಿ ಬಹಳ ಮುಖ್ಯವೆನಿಸುವುದು, ಅವರು ಬರೀ ಹೊರಗಿನ ಹೆಸರನ್ನು ತರಲಿಲ್ಲ ಎಂಬುದು. ಲಾಸಾದ ಸೆರಾದಲ್ಲಿ ಜೆ ಮತ್ತು ಮೆ ಎಂಬ ಎರಡು ವಿದ್ಯಾಲಯಗಳಿದ್ದವು. ಬೈಲಕುಪ್ಪೆಯಲ್ಲಿಯೂ ಸೆರಾ ಜೆ, ಸೆರಾ ಮೆ ಇವೆ. ಸಂಜೆಯ ಹೊತ್ತು ಅಲ್ಲಿ ಹೋದರೆ ಅಂಗಳದಲ್ಲಿ ಯುವ ಭಿಕ್ಷುಗಳು ತರ್ಕ ಮಾಡುವುದನ್ನು ನೋಡಬಹುದು. ಒಬ್ಬ ಕುಳಿತಿರುತ್ತಾನೆ, ಇನ್ನೊಬ್ಬ ನಿಂತು ಪ್ರಶ್ನೆ ಹಾಕುತ್ತಾನೆ. ಪ್ರಶ್ನೆ ಮುಗಿಯುವ ಕ್ಷಣಕ್ಕೆ ಎಡಗಾಲನ್ನು ನೆಲಕ್ಕೆ ಅಪ್ಪಳಿಸಿ ಅಂಗೈಗೆ ಅಂಗೈ ಬಡಿದು ಚಟ್ ಎನ್ನಿಸುತ್ತಾನೆ. ಲಾಸಾದ ಅಂಗಳದಲ್ಲಿ ಶತಮಾನಗಳಿಂದ ನಡೆದುಬಂದ ಪದ್ಧತಿ ಅದು. ವಲಸೆ ಹೋದವರು ಊರಿನ ಹೆಸರನ್ನು ಏಕೆ ಬಿಡುವುದಿಲ್ಲ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿದಿಲ್ಲ.

ಥಾಯ್ಲೆಂಡಿನಲ್ಲಿ ಅಯೋಧ್ಯೆ ಇದೆ ಎನ್ನುತ್ತಾರೆ. ನಿಜವೇ?

ನಿಜ. ಅಯುತ್ಥಯಾ ಎಂಬ ನಗರದ ಹೆಸರು ನಮ್ಮ ಅಯೋಧ್ಯೆಯೇ. 14ನೇ ಶತಮಾನದ ಮಧ್ಯದಲ್ಲಿ ಹುಟ್ಟಿ, 1767ರಲ್ಲಿ ಬರ್ಮಾದ ಸೈನ್ಯ ಹಾಳುಮಾಡುವವರೆಗೆ ಅದು ಆ ರಾಜ್ಯದ ರಾಜಧಾನಿಯಾಗಿತ್ತು. ಇಂಡೋನೇಷ್ಯಾದ ಜಾವಾ ದ್ವೀಪದ ಯೋಗ್ಯಕರ್ತಾ ಕೂಡ ಅಯೋಧ್ಯೆಯಿಂದಲೇ ಹೆಸರು ಪಡೆದದ್ದು. ಅದು 1755ರಲ್ಲಿ ಸ್ಥಾಪನೆಯಾದ ಸುಲ್ತಾನರ ರಾಜಧಾನಿ.

ಇಲ್ಲಿ ಉತ್ತರ ಪ್ರದೇಶದಿಂದ ಜನ ಗುಂಪಾಗಿ ಹೋಗಿ ನೆಲೆಸಿದರು ಎಂದು ಭಾವಿಸಬೇಕಾಗಿಲ್ಲ. ರಾಮಾಯಣ ಹೋಯಿತು, ವ್ಯಾಪಾರಿಗಳೂ ಪಂಡಿತರೂ ಹೋದರು. ರಾಮನಂತೆ ಆಳಬೇಕೆಂದು ಬಯಸಿದ ದೊರೆ ತನ್ನ ಊರಿಗೆ ರಾಮನ ಊರಿನ ಹೆಸರಿಟ್ಟ. ತಮಿಳುನಾಡಿನ ಮದುರೈ ಎಂಬ ಹೆಸರನ್ನು ಉತ್ತರದ ಮಥುರೆಗೆ ಹೊಂದಿಸುವುದೂ, ಸಿಂಹಪುರ ಎಂಬ ಹೆಸರು ಕಳಿಂಗದಲ್ಲಿ, ಇಂದಿನ ವಿಯೆಟ್ನಾಮಿನ ಚಂಪಾ ರಾಜ್ಯದಲ್ಲಿ ಮತ್ತು ಸಿಂಗಾಪುರದಲ್ಲಿ ಕಾಣಿಸುವುದೂ ಇದೇ ಜಾಡಿನಲ್ಲಿ. ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರುವ ಜಾಗವನ್ನು ನಾವು ತ್ರಿವೇಣಿ ಸಂಗಮ ಎನ್ನುವುದಿಲ್ಲವೇ? ಪ್ರಯಾಗಕ್ಕೆ ಹೋಗಲಾಗದವರಿಗೂ ಆ ಹೆಸರು ಹತ್ತಿರದಲ್ಲೇ ಸಿಗಲಿ ಎಂಬ ಆಸೆ ಅದರಲ್ಲಿದೆ.

ಹೈದರಾಬಾದ್ ಎರಡು ದೇಶಗಳಲ್ಲಿ ಇರುವುದು ದೇಶ ವಿಭಜನೆಯಿಂದಲೇ?

ವಿಭಜನೆಗೂ ಅದಕ್ಕೂ ಸಂಬಂಧವಿಲ್ಲ. ದಖ್ಖನ್ನಿನ ಹೈದರಾಬಾದನ್ನು 1591ರಲ್ಲಿ ಮಹಮ್ಮದ್ ಕುಲಿ ಕುತುಬ್ ಷಾ ಕಟ್ಟಿದ. ಸಿಂಧ್‌ನ ಹೈದರಾಬಾದನ್ನು 1768ರಲ್ಲಿ ಗುಲಾಂ ಷಾ ಕಲ್ಹೋರೊ ಕಟ್ಟಿದ, ನೆರೂನ್ ಕೋಟ್ ಎಂಬ ಹಳೆಯ ನೆಲೆಯ ಮೇಲೆ. ಸಿಂಹ ಎಂಬ ಅರ್ಥದ ಹೈದರ್ ಎನ್ನುವುದು ಹಜರತ್ ಅಲಿಯವರ ಬಿರುದು. ಅವರ ಮೇಲಿನ ಭಕ್ತಿ ದಖ್ಖನ್ನಿನಲ್ಲೂ ಸಿಂಧ್‌ನಲ್ಲೂ ಇತ್ತು, ಹೆಸರೂ ಎರಡೂ ಕಡೆ ಬಂತು. ದಖ್ಖನ್ನಿನ ಹೈದರಾಬಾದಿಗೆ ಭಾಗಮತಿ ಎಂಬ ಪ್ರೇಯಸಿಯ ಕಥೆಯನ್ನೂ ಜನ ಸೇರಿಸಿ ಹೇಳುತ್ತಾರೆ.

ಇದರ ಜೊತೆಗೇ ಕೊಡಗಿನವರು ತಿಳಿದಿರಬೇಕಾದ ಸಂಗತಿ ಒಂದಿದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಮಡಿಕೇರಿ ಕೋಟೆಗೆ ಜಾಫರಾಬಾದ್ ಎಂದು ಹೆಸರಿಡಲಾಗಿತ್ತು. ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಕೋಟೆಯನ್ನು ಮರಳಿ ಪಡೆದ ಮೇಲೆ ಆ ಹೆಸರು ಉಳಿಯಲಿಲ್ಲ. ಉಳಿದಿದ್ದರೆ ಗುಜರಾತಿನ ಕಡಲತೀರದ ಜಾಫರಾಬಾದ್, ಪಾಕಿಸ್ತಾನದ ಬಲೂಚಿಸ್ತಾನದಲ್ಲಿರುವ ಜಾಫರಾಬಾದ್, ಎರಡರ ಹೆಸರೂ ನಮ್ಮದಾಗುತ್ತಿತ್ತು. ದೊರೆಗಳು ಮೇಲಿನಿಂದ ಹಾಕಿದ ಹೆಸರು ಜನರ ಬಾಯಿಗೆ ಇಳಿಯದಿದ್ದರೆ ನಿಲ್ಲುವುದಿಲ್ಲ. ಮುದ್ದುರಾಜ 1681ರಲ್ಲಿ ಕಟ್ಟಿದ ಮುದ್ದುರಾಜನ ಕೇರಿ ಬಾಯಿಂದ ಬಾಯಿಗೆ ಸವೆದು ಮಡಿಕೇರಿಯಾಗಿ ಉಳಿಯಿತು. ಬ್ರಿಟಿಷರು ಬರೆದ ಮರ್ಕೆರಾ ಹಳೆಯ ಕಡತಗಳಲ್ಲಿ ಮಾತ್ರ ಉಳಿಯಿತು.

ಕುಶಾಲನಗರದ ಹಳೆಯ ಹೆಸರು ಫ್ರೇಸರ್‌ಪೇಟೆ. ಬೆಂಗಳೂರಿನ ಫ್ರೇಸರ್ ಟೌನ್ ಅದೇ ಫ್ರೇಸರನದೇ?

ಅಲ್ಲ. ಕುಶಾಲನಗರಕ್ಕೆ ಹೆಸರು ಬಿದ್ದದ್ದು ಕರ್ನಲ್ ಜೇಮ್ಸ್ ಸ್ಟುವರ್ಟ್ ಫ್ರೇಸರನಿಂದ. 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋದಾಗ ಇಲ್ಲಿ ಅಧಿಕಾರ ನಡೆಸಿದವನು ಅವನು. ಬೆಂಗಳೂರಿನ ಫ್ರೇಸರ್ ಟೌನ್, ಅಂದರೆ ಇಂದಿನ ಪುಲಿಕೇಶಿನಗರ, ಸ್ಟುವರ್ಟ್ ಮಿಟ್‌ಫರ್ಡ್ ಫ್ರೇಸರನ ಹೆಸರಿನದು. ಅವನು ನಾಲ್ವಡಿ ಕೃಷ್ಣರಾಜ ಒಡೆಯರ ಬಾಲ್ಯದ ಗುರುವಾಗಿದ್ದು ಮುಂದೆ ಮೈಸೂರಿನ ರೆಸಿಡೆಂಟ್, ಅಂದರೆ ಬ್ರಿಟಿಷ್ ಸರ್ಕಾರದ ಪ್ರತಿನಿಧಿ, ಆದವನು. ಒಂದೇ ರಾಜ್ಯದೊಳಗೆ, ಇನ್ನೂರೈವತ್ತು ಕಿಲೋಮೀಟರ್ ಅಂತರದೊಳಗೆ, ಇಬ್ಬರು ಫ್ರೇಸರರು ಹೀಗೆ ಬೆರೆತುಹೋಗುತ್ತಾರೆ. ಸಮುದ್ರ ದಾಟಿದ ಹೆಸರುಗಳ ವಿಷಯದಲ್ಲಿ ಇನ್ನೆಷ್ಟು ಎಚ್ಚರ ಬೇಕೆಂದು ಊಹಿಸಿಕೊಳ್ಳಿ.

ಅಮೆರಿಕದ ವರ್ಜೀನಿಯಾದ ಅಲೆಕ್ಸಾಂಡ್ರಿಯಾ ಇದಕ್ಕೆ ಸರಿಯಾದ ಪಾಠ. ಈಜಿಪ್ಟಿನ ಅಲೆಕ್ಸಾಂಡ್ರಿಯಾದಂತೆ ಇದೂ ಗ್ರೀಕ್ ದೊರೆ ಅಲೆಕ್ಸಾಂಡರನ ಹೆಸರೆಂದು ಯಾರಾದರೂ ಅಂದುಕೊಳ್ಳುತ್ತಾರೆ. ಅದು ಆ ಜಮೀನಿನ ಒಡೆಯರಾಗಿದ್ದ ಅಲೆಕ್ಸಾಂಡರ್ ಎಂಬ ಮನೆತನದ ಹೆಸರು.

ಒಬ್ಬನೇ ವ್ಯಕ್ತಿಯ ಹೆಸರು ಎರಡು ದೇಶಗಳ ಊರಿಗೆ ಬಿದ್ದ ಉದಾಹರಣೆ?

ಆಸ್ಟ್ರೇಲಿಯಾದ ಸಿಡ್ನಿ ಮತ್ತು ಕೆನಡಾದ ನೋವಾ ಸ್ಕೋಷಿಯಾದಲ್ಲಿರುವ ಸಿಡ್ನಿ. ಎರಡೂ ಬ್ರಿಟನ್ನಿನ ಮಂತ್ರಿ ಲಾರ್ಡ್ ಸಿಡ್ನಿಯ ಹೆಸರು. ಕೆನಡಾದ್ದು 1785ರಲ್ಲಿ, ಆಸ್ಟ್ರೇಲಿಯಾದ್ದು 1788ರಲ್ಲಿ. ಅಂದರೆ ಪುಟ್ಟದೇ ಹಿರಿಯದು.

ನಮಗೆ ಇನ್ನೂ ಹತ್ತಿರದ್ದು ವೆಲ್ಲಿಂಗ್ಟನ್. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದ ಸೈನ್ಯದಲ್ಲಿ ಆರ್ಥರ್ ವೆಲ್ಲೆಸ್ಲಿ ಎಂಬ ಕರ್ನಲ್ ಇದ್ದ. ಅದೇ ಯುದ್ಧಕ್ಕಾಗಿ ಬ್ರಿಟಿಷರ ಮುಂಬಯಿ ಸೈನ್ಯ ಕಣ್ಣೂರಿನಿಂದ ಘಟ್ಟ ಹತ್ತಿ ಕೊಡಗಿನ ಮೂಲಕ ಬಂತು. ಮಾರ್ಚ್ 6ರಂದು ಕೊಡಗಿನ ಗಡಿಯ ಸಿದ್ಧೇಶ್ವರದ ಬಳಿ ಟಿಪ್ಪುವಿನ ಪಡೆಗೂ ಅದಕ್ಕೂ ಕಾಳಗ ನಡೆಯಿತು. ವೆಲ್ಲೆಸ್ಲಿ ಮುಂದೆ ದೊಡ್ಡ ಬಿರುದು ಪಡೆಯುವಾಗ, ಮನೆತನದ ಹೆಸರಿಗೆ ಹತ್ತಿರವಾಗಿ ಕೇಳುವ ವೆಲ್ಲಿಂಗ್ಟನ್ ಎಂಬ ಇಂಗ್ಲೆಂಡಿನ ಸಾಮರ್‌ಸೆಟ್‌ನ ಊರಿನ ಹೆಸರನ್ನು ಬಿರುದಿಗೆ ಆರಿಸಲಾಯಿತು. ಆ ಬಿರುದಿನಿಂದ ನ್ಯೂಜಿಲೆಂಡಿನ ರಾಜಧಾನಿಗೆ 1840ರಲ್ಲಿ ಹೆಸರಾಯಿತು, ನೀಲಗಿರಿಯ ಕೂನೂರಿನ ಪಕ್ಕದ ದಂಡುಪ್ರದೇಶಕ್ಕೂ ಆಯಿತು. ಊರಿನ ಹೆಸರು ಮನುಷ್ಯನಿಗೆ, ಮನುಷ್ಯನ ಹೆಸರು ಮತ್ತೆ ಊರುಗಳಿಗೆ. ಈ ಸರಪಳಿಯ ನಡುಗೊಂಡಿ ನಮ್ಮ ಕಾವೇರಿ ತೀರದಲ್ಲಿ ಬೆಸೆದದ್ದು.

ಸೋಮವಾರಪೇಟೆ, ಶನಿವಾರಸಂತೆ: ಇಂಥ ಹೆಸರುಗಳು ಬೇರೆ ದೇಶಗಳಲ್ಲಿ ಇವೆಯೇ?

ನನಗೆ ಅತ್ಯಂತ ಪ್ರಿಯವಾದ ಪ್ರಶ್ನೆ ಇದು. ಮಧ್ಯ ಏಷ್ಯಾದ ತಜಿಕಿಸ್ತಾನದ ರಾಜಧಾನಿ ದುಶಾಂಬೆ. ಅಲ್ಲಿಯ ಭಾಷೆಯಲ್ಲಿ ದುಶಾಂಬೆ ಎಂದರೆ ಸೋಮವಾರ. ಹಿಂದೆ ಅಲ್ಲಿ ಪ್ರತಿ ಸೋಮವಾರ ಸಂತೆ ಸೇರುತ್ತಿದ್ದ ಹಳ್ಳಿಯೊಂದಿತ್ತು, ಅದೇ ಬೆಳೆದು ನಗರವಾಯಿತು. 1929ರಿಂದ 1961ರವರೆಗೆ ಅದನ್ನು ಸ್ಟಾಲಿನಾಬಾದ್ ಎಂದು ಕರೆದರು. ಸೋವಿಯತ್ ನಾಯಕ ಸ್ಟಾಲಿನ್ ಸತ್ತು ಅವನ ಪ್ರಭಾವ ಇಳಿದ ಮೇಲೆ ಸೋಮವಾರವೇ ಮರಳಿ ಬಂತು. ಒಂದು ದೇಶದ ರಾಜಧಾನಿಗೂ ನಮ್ಮ ಸೋಮವಾರಪೇಟೆಗೂ ಹೆಸರಿನ ಮಟ್ಟಿಗೆ ವ್ಯತ್ಯಾಸವಿಲ್ಲ.

ಶನಿವಾರಸಂತೆಗೂ ಒಡಹುಟ್ಟಿದವರಿದ್ದಾರೆ. ಹಂಗೇರಿಯ ಸೊಂಬೊತ್‌ಹೆಯ್ ಎಂಬ ಪಟ್ಟಣದ ಹೆಸರಿನಲ್ಲಿ ಸೊಂಬೊತ್ ಎಂದರೆ ಶನಿವಾರ, ಉಳಿದದ್ದು ಸ್ಥಳ. ಮಧ್ಯಯುಗದ ಶನಿವಾರದ ಸಂತೆಯಿಂದ ಬಂದ ಹೆಸರು. ಸರ್ಬಿಯಾದ ಸುಬೋತಿತ್ಸಾ, ಸ್ಲೊವೇನಿಯಾದ ಮುರ್ಸ್ಕಾ ಸೊಬೊತಾ ಕೂಡ ಶನಿವಾರಗಳೇ. ರೊಮೇನಿಯಾದ ಮಿಯೆರ್ಕುರಿಯಾ ಚುಕ್ ಬುಧವಾರದ್ದು. ಟರ್ಕಿಯ ಕಪ್ಪು ಸಮುದ್ರದ ಕಡೆ ಚಾರ್ಶಂಬಾ ಎಂಬ ಊರಿದೆ, ಅದೂ ಬುಧವಾರ. ನಮ್ಮ ದೇಶದೊಳಗೆ ಬಂದರೆ ಪುಣೆಯಲ್ಲಿ ಸೋಮವಾರ ಪೇಠ್, ಬುಧವಾರ ಪೇಠ್, ಶನಿವಾರ ಪೇಠ್ ಎಂದು ವಾರದ ದಿನಗಳೆಲ್ಲ ಬಡಾವಣೆಗಳಾಗಿ ನಿಂತಿವೆ.

ಇಷ್ಟು ದೂರದ ಜನ ಒಬ್ಬರನ್ನೊಬ್ಬರು ನೋಡಿ ಕಲಿತರೇ? ಇಲ್ಲ. ಸಂತೆಯ ಲೆಕ್ಕಾಚಾರವೇ ಹಾಗಿದೆ. ಶನಿವಾರಸಂತೆಯಲ್ಲಿ ಒಂದು ಶನಿವಾರ ಬೆಳಿಗ್ಗೆ ನಿಂತು ನೋಡಿ. ಹಸಿಮೆಣಸು, ಶುಂಠಿ, ಗುಡ್ಡೆ ಹಾಕಿದ ಗೆಣಸು, ಗೋಣಿತಾಟಿನ ಮೇಲೆ ಒಣಮೀನು, ಕತ್ತಿ ಕುಡುಗೋಲು ಹದ ಮಾಡಿ ತಂದವರು, ಬಟ್ಟೆಯ ಗಂಟು ಬಿಚ್ಚುವವರು. ಇವರಲ್ಲಿ ಎಷ್ಟೋ ಮಂದಿಗೆ ಇದು ವಾರದ ಸುತ್ತಿನಲ್ಲಿ ಒಂದು ನಿಲ್ದಾಣ ಮಾತ್ರ. ನಾಳೆ ಇನ್ನೊಂದು ಊರು. ಅಕ್ಕಪಕ್ಕದ ಊರುಗಳು ಒಂದೇ ದಿನ ಸಂತೆ ಇಟ್ಟುಕೊಂಡರೆ ವ್ಯಾಪಾರಿಗೂ ನಷ್ಟ, ಕೊಳ್ಳುವವರಿಗೂ ತೊಂದರೆ. ಆದ್ದರಿಂದ ದಿನಗಳನ್ನು ಹಂಚಿಕೊಳ್ಳುತ್ತಾರೆ. ತೋಟಗಳಲ್ಲಿ ಕೆಲಸಗಾರರ ಬಟವಾಡೆಯೂ ವಾರದ ರಜೆಯೂ ಸಂತೆಯ ದಿನವನ್ನು ನೋಡಿಕೊಂಡೇ ಗೊತ್ತಾಗುತ್ತಿದ್ದವು. ಹೀಗಿರುವಾಗ ಊರಿಗೆ ದಿನದ ಹೆಸರಿಟ್ಟರೆ ಅದು ವಿಳಾಸವೂ ಹೌದು, ಪಂಚಾಂಗವೂ ಹೌದು. ಓದು ಬಾರದವನಿಗೂ ಯಾವತ್ತು ಎಲ್ಲಿಗೆ ಹೋಗಬೇಕೆಂದು ಊರಿನ ಹೆಸರೇ ಹೇಳುತ್ತದೆ. ಹಂಗೇರಿಯ ರೈತನಿಗೂ ತಜಿಕ್ ವ್ಯಾಪಾರಿಗೂ ಬೇಕಾಗಿದ್ದದ್ದು ಇದೇ.

ವಿರಾಜಪೇಟೆಯಿಂದ ಮಾಹೆಗೆ ಹೋಗಿ ಬರುತ್ತೇವೆ. ಸೇಶೆಲ್ಸ್‌ನಲ್ಲೂ ಮಾಹೆ ಇದೆಯಂತೆ?

ಮಾಕುಟ್ಟ ಘಾಟಿ ಇಳಿದು ಇರಿಟ್ಟಿ, ತಲಶ್ಶೇರಿ ಮೇಲೆ ಹೋದರೆ ಸಿಗುವ ಮಾಹೆ, ಸುತ್ತ ಕೇರಳವಿದ್ದರೂ ಪುದುಚೇರಿಗೆ ಸೇರಿದ ತುಣುಕು. ಫ್ರೆಂಚರ ವಸಾಹತು ಆಗಿತ್ತು. ಹಿಂದೂ ಮಹಾಸಾಗರದ ನಡುವೆ, ಆಫ್ರಿಕಾದ ಕಡೆಗೆ ಇರುವ ಸೇಶೆಲ್ಸ್ ದೇಶದ ಅತಿ ದೊಡ್ಡ ದ್ವೀಪವೂ ಮಾಹೆ.

ಎರಡನ್ನೂ ಜೋಡಿಸುವ ಮನುಷ್ಯ ಬರ್ಟ್ರಾಂಡ್ ಫ್ರಾನ್ಸ್ವಾ ಮಾಹೆ ದ ಲಾ ಬೂರ್ದೊನೆ. ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯ ನೌಕಾಧಿಕಾರಿ. 1725ರಲ್ಲಿ ಮಲಬಾರಿನ ಈ ಊರನ್ನು ಫ್ರೆಂಚರು ಹಿಡಿದಾಗ ಅವನೂ ಇದ್ದ. ಆಮೇಲೆ 1735ರಿಂದ ಮಾರಿಷಸ್‌ನ ಗವರ್ನರ್ ಆದ. 1740ರ ದಶಕದಲ್ಲಿ ಅವನು ಕಳಿಸಿದ ಲಾಜಾರ್ ಪಿಕೋ ಎಂಬ ನಾವಿಕ ಸೇಶೆಲ್ಸ್ ದ್ವೀಪಗಳನ್ನು ಪರಿಶೋಧಿಸಿ, ದೊಡ್ಡ ದ್ವೀಪಕ್ಕೆ ತನ್ನ ಗವರ್ನರನ ಹೆಸರಿಟ್ಟ. ಆ ಮಾಹೆಯ ಮೂಲದಲ್ಲಿ ಗೊಂದಲವಿಲ್ಲ.

ನಮ್ಮ ಪಕ್ಕದ ಮಾಹೆಯದು ಸ್ವಲ್ಪ ಜಟಿಲ. ಮಲಯಾಳದಲ್ಲಿ ಊರಿನ ಹೆಸರು ಮಯ್ಯಳಿ. ಅಲ್ಲಿಯ ಹೊಳೆಗೂ ಅದೇ ಹೆಸರು. ಫ್ರೆಂಚರು ಮಯ್ಯಳಿಯನ್ನು ತಮ್ಮ ನಾಲಿಗೆಗೆ ತಕ್ಕಂತೆ ಮಾಹೆ ಮಾಡಿಕೊಂಡರು ಎನ್ನುವುದು ಒಂದು ವಾದ, ಲಾ ಬೂರ್ದೊನೆಯ ಗೌರವಾರ್ಥ ಇಟ್ಟರು ಎನ್ನುವುದು ಇನ್ನೊಂದು. ನಾನು ಮೊದಲನೆಯ ವಾದದ ಕಡೆಯವನು. ಸ್ಥಳೀಯ ಹೆಸರು ಅಷ್ಟು ಹತ್ತಿರವಾಗಿ ಕೇಳಿಸುವಾಗ ಹೊಸ ಹೆಸರನ್ನು ಕಲ್ಪಿಸಬೇಕಾದ ಅಗತ್ಯವೇ ಇರಲಿಲ್ಲ. ಮಯ್ಯಳಿಯ ಜನ ಇಂದಿಗೂ ಮಯ್ಯಳಿ ಎಂದೇ ಹೇಳುತ್ತಾರೆ.

ಸೇಶೆಲ್ಸ್‌ನ ರಾಜಧಾನಿ ವಿಕ್ಟೋರಿಯಾ. ವಿಕ್ಟೋರಿಯಾ ಹೆಸರು ಎಲ್ಲೆಲ್ಲೂ ಏಕೆ?

ರಾಣಿ ವಿಕ್ಟೋರಿಯಾ 1837ರಿಂದ 1901ರವರೆಗೆ ಆಳಿದಳು, ಬ್ರಿಟಿಷ್ ಸಾಮ್ರಾಜ್ಯ ಅತಿ ವೇಗವಾಗಿ ಹಬ್ಬಿದ ಕಾಲ ಅದು. ಆಸ್ಟ್ರೇಲಿಯಾದ ರಾಜ್ಯ, ಕೆನಡಾದ ನಗರ, ಆಫ್ರಿಕಾದ ಸರೋವರ, ಜಲಪಾತ ಎಲ್ಲಕ್ಕೂ ಅವಳದೇ ಹೆಸರು. ಕೊಡಗಿನವರಿಗೆ ಈ ಪಟ್ಟಿಯಲ್ಲಿ ಸೇರಿಸಲು ಒಂದು ನೋವಿನ ಹೆಸರಿದೆ. ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನಿಗೆ 1852ರಲ್ಲಿ ಲಂಡನ್ನಿನಲ್ಲಿ ಕ್ರೈಸ್ತ ದೀಕ್ಷೆ ಕೊಟ್ಟಾಗ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು. ವಿಕ್ಟೋರಿಯಾ ಗೌರಮ್ಮ 1864ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ, ಊರು ಕಾಣದೆ ಅಲ್ಲಿಯೇ ತೀರಿಕೊಂಡಳು. ನೆಲಕ್ಕೆ ಹೆಸರಿಟ್ಟಂತೆ ಆ ಹುಡುಗಿಗೂ ಹೆಸರಿಟ್ಟರಲ್ಲ ಎಂದು ನನಗೆ ಪ್ರತಿ ಸಲ ಪಾಠ ಮಾಡುವಾಗಲೂ ಅನಿಸುತ್ತದೆ.

ಸೇಲಂ, ಕೊಚ್ಚಿ: ಇವುಗಳ ವಿದೇಶಿ ಜೋಡಿಗಳಿಗೂ ನಮ್ಮವಕ್ಕೂ ಸಂಬಂಧವಿದೆಯೇ?

ತಮಿಳುನಾಡಿನ ಸೇಲಂಗೂ ಅಮೆರಿಕದ ಸೇಲಂಗೂ ಏನೂ ಸಂಬಂಧವಿಲ್ಲ. ಅಮೆರಿಕದ್ದು ಬೈಬಲ್‌ನಿಂದ ಬಂದದ್ದು, ಶಾಂತಿ ಎಂಬರ್ಥದ ಹೀಬ್ರೂ ಮಾತಿನ ಬಳಗದ್ದು. ನಮ್ಮ ಪಕ್ಕದ್ದು ಬೆಟ್ಟಗಳ ನಡುವಿನ ಊರು. ಶೈಲದಿಂದ ಬಂತೆಂದು ವಿವರಿಸುತ್ತಾರೆ. ಜಪಾನಿನ ಕೊಚ್ಚಿಗೂ ಕೇರಳದ ಕೊಚ್ಚಿಗೂ ಅಷ್ಟೇ, ಬರೀ ಧ್ವನಿಸಾಮ್ಯ.

ಆದರೆ ಕೊಚ್ಚಿಯ ನಿಜವಾದ ನೆಂಟಸ್ತಿಕೆ ಇನ್ನೊಂದು ಕಡೆ ಇದೆ. ವಿಯೆಟ್ನಾಮಿನ ಕಡೆಯ ಒಂದು ನಾಡಿನ ಹೆಸರು ಪೋರ್ಚುಗೀಸರ ಕಿವಿಗೆ ಕೊಚ್ಚಿನ್‌ನಂತೆಯೇ ಕೇಳಿಸಿತು. ಮಲಬಾರಿನ ಕೊಚ್ಚಿನ್ ಆಗಲೇ ಅವರ ಪ್ರಮುಖ ಬಂದರು. ಎರಡನ್ನೂ ಬೇರ್ಪಡಿಸಲು ಆ ಕಡೆಯದಕ್ಕೆ ಚೀನಾ ಎಂದು ಸೇರಿಸಿ ಕೊಚ್ಚಿನ್‌ಚೀನಾ ಮಾಡಿದರು. ಮುಂದೆ ಫ್ರೆಂಚರು ಅಲ್ಲಿ ಆಳುವಾಗಲೂ ಅದೇ 'ಕೊಚ್ಚಿನ್‌ಚೀನಾ' ಉಳಿಯಿತು.

ಬರಿಯ ಧ್ವನಿ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಮಡಿಕೇರಿಯ ಅಬ್ಬಿ ಜಲಪಾತ ಸಾಕು. ಅಬ್ಬಿ ಎಂದರೆ ಇಲ್ಲಿ ಜಲಪಾತವೇ. ಇಂಗ್ಲಿಷ್ ಫಲಕದಲ್ಲಿ ಅದು ಕ್ರೈಸ್ತ ಮಠ ಎಂಬ ಅರ್ಥದ ಪದದಂತೆ ಕಾಣುತ್ತದೆ. "ಮಠ ಎಲ್ಲಿದೆ?" ಎಂದು ತೋಟದೊಳಗೆ ಹುಡುಕುವ ಅತಿಥಿಗಳು ಈಗಲೂ ಸಿಗುತ್ತಾರೆ.

ಆಸ್ಟ್ರೇಲಿಯಾದಲ್ಲಿ ಮಂಗಳೂರು, ಕೆನಡಾದಲ್ಲಿ ಲಕ್ನೋ ಇವೆಯೇ?

ಎರಡೂ ಇವೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಒಂದು ಮಂಗಳೂರು, ಟಾಸ್ಮೇನಿಯಾದಲ್ಲಿ ಇನ್ನೊಂದು. ಹಳೆಯ ಇಂಗ್ಲಿಷ್ ಕಾಗುಣಿತದಲ್ಲೇ ಬರೆಯುತ್ತಾರೆ. ಟಾಸ್ಮೇನಿಯಾದ ಮಂಗಳೂರಿನ ಆಸುಪಾಸಿನಲ್ಲಿ ಬಾಗ್ದಾದ್, ಜೆರಿಕೊ, ಜೋರ್ಡಾನ್ ನದಿ ಕೂಡ ಇವೆ. ಹ್ಯೂ ಜರ್ಮೇನ್ ಎಂಬ ಸೈನಿಕ ಬೈಬಲ್ಲನ್ನೂ ಅರೇಬಿಯಾದ ಕಥೆಗಳನ್ನೂ ಜೋಳಿಗೆಯಲ್ಲಿಟ್ಟುಕೊಂಡು ತಿರುಗುತ್ತಾ ಅಲ್ಲಿ ಹೆಸರಿಟ್ಟನೆಂಬ ಕಥೆಯನ್ನು ಆ ಕಡೆಯವರು ಹೇಳುತ್ತಾರೆ.

ಕೆನಡಾದ ಒಂಟಾರಿಯೊದ ಲಕ್ನೋಗೆ ಹೆಸರು ಬಂದದ್ದು 1857ರ ದಂಗೆಯಲ್ಲಿ ಬ್ರಿಟಿಷರು ಲಕ್ನೋವನ್ನು ಮರಳಿ ಹಿಡಿದ ಸುದ್ದಿ ಅಲ್ಲಿಗೆ ಮುಟ್ಟಿದಾಗ. ನಮ್ಮವರು ಪ್ರಾಣ ಕೊಟ್ಟ ಜಾಗ ಅಲ್ಲಿ ವಿಜಯದ ಗುರುತಾಗಿ ನಾಮಫಲಕ ಏರಿತು. ಎಲ್ಲ ಹಂಚಿಕೆಯ ಹೆಸರೂ ಪ್ರೀತಿಯಿಂದ ಬಂದದ್ದಲ್ಲ ಎಂದು ಮಕ್ಕಳಿಗೆ ಇದನ್ನೇ ತೋರಿಸುತ್ತೇನೆ.

ಪ್ಯಾರಿಸ್ ಹೆಸರಿನ ಊರುಗಳೆಲ್ಲ ಫ್ರಾನ್ಸಿನಿಂದ ಬಂದವೇ?

ಎಲ್ಲವೂ ನೇರವಾಗಿ ಅಲ್ಲ. ಒಂಟಾರಿಯೊದ ಪ್ಯಾರಿಸ್‌ಗೆ ಆ ಹೆಸರು ಬಂದದ್ದು ಅಲ್ಲಿ ಸಿಗುವ ಜಿಪ್ಸಂನಿಂದ. ಜಿಪ್ಸಂನಿಂದ ಪ್ಲಾಸ್ಟರ್ ಆಫ್ ಪ್ಯಾರಿಸ್ ಮಾಡುತ್ತಾರಲ್ಲ, ಆ ನಂಟು.

ಹೊಸೂರು, ಹೊಸಪೇಟೆ, ಹೊಸಹಳ್ಳಿ ನಮ್ಮಲ್ಲಿ ಲೆಕ್ಕವಿಲ್ಲದಷ್ಟಿವೆ. ಬೇರೆ ಕಡೆಯೂ ಹೀಗೆಯೇ?

ಎಲ್ಲ ಕಡೆಯೂ ಹೀಗೆಯೇ. ರೋಮಿನ ಎದುರು ಯುದ್ಧ ಮಾಡಿದ, ಇಂದಿನ ಟ್ಯುನೀಷಿಯಾದ ಕಾರ್ಥೇಜ್ ನಗರ ಅದನ್ನು ಕಟ್ಟಿದ ಫಿನೀಷಿಯನ್ನರ ಭಾಷೆಯಲ್ಲಿ ಹೊಸಪಟ್ಟಣ. ಕಾರ್ಥೇಜಿನವರೇ ಸ್ಪೇನಿನಲ್ಲಿ ಇನ್ನೊಂದು ಊರು ಕಟ್ಟಿದರು. ರೋಮನ್ನರು ಅದನ್ನು ಹೊಸ ಕಾರ್ಥೇಜ್ ಎಂದರು, ಅಂದರೆ ಹೊಸ ಹೊಸಪಟ್ಟಣ. ಅದೇ ಇಂದಿನ ಕಾರ್ತಹೇನಾ. ಸ್ಪೇನಿನವರು 1533ರಲ್ಲಿ ಅಮೆರಿಕ ಖಂಡದ ಕೊಲಂಬಿಯಾದಲ್ಲಿ ಅದೇ ಹೆಸರಿನಲ್ಲಿ ಮತ್ತೊಂದು ಬಂದರು ಮಾಡಿದರು. ಇಟಲಿಯ ನೇಪಲ್ಸ್, ಪ್ಯಾಲೆಸ್ಟೀನಿನ ನಾಬ್ಲುಸ್ ಎರಡೂ ಗ್ರೀಕ್ ಭಾಷೆಯ ನೆಯಾಪೊಲಿಸ್, ಅದೂ ಹೊಸೂರೇ. ರಷ್ಯಾದ ನೊವ್‌ಗೊರೊದ್ ಕೂಡ ಅದೇ ಬಗೆ. ಸಾವಿರ ವರ್ಷ ದಾಟಿದರೂ ಅದರ ಹೆಸರಿನಲ್ಲಿ ಹೊಸತನವೇ ಇದೆ.

ಕೊಡಗನ್ನು ಭಾರತದ ಸ್ಕಾಟ್ಲೆಂಡ್ ಎನ್ನುವುದು ಇದೇ ಬಗೆಯ ಹೆಸರೇ?

ಅದು ಹೊಗಳಿಕೆಯ ಬಿರುದು, ಹೆಸರಲ್ಲ. ಕೆನಡಾದ ನೋವಾ ಸ್ಕೋಷಿಯಾ ಲ್ಯಾಟಿನ್‌ನಲ್ಲಿ ಹೊಸ ಸ್ಕಾಟ್ಲೆಂಡ್, ಅದು ನಿಜವಾದ ಹೆಸರು. ಕೊಡಗು ಕೊಡಗೇ ಆಗಿರಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಾವೇರಿ ಹುಟ್ಟುವ ನಾಡಿಗೆ ಎರವಲು ಗುರುತು ಬೇಕಾಗಿಲ್ಲ.

ಒಂದೇ ಹೆಸರಿನಿಂದ ನಿಜವಾಗಿ ತೊಂದರೆ ಆಗುತ್ತದೆಯೇ?

ಆಗುತ್ತದೆ. 2002ರಲ್ಲಿ ಬ್ರಿಟನ್ನಿನಿಂದ ಹೊರಟ ಯುವಜೋಡಿಯೊಂದು ಆಸ್ಟ್ರೇಲಿಯಾದ ಸಿಡ್ನಿಗೆಂದು ಟಿಕೆಟ್ ಮಾಡಿಸಿ ಕೆನಡಾದ ಸಿಡ್ನಿಯಲ್ಲಿ ಇಳಿಯಿತು. ಆಮೇಲೂ ಹಲವರು ಹಾಗೆಯೇ ಇಳಿದಿದ್ದಾರೆ. 2008ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಾಡಳಿತ ಹಂಚಿದ ಕರಪತ್ರದಲ್ಲಿ ಅಮೆರಿಕದ ಅಲಬಾಮಾದ ಬರ್ಮಿಂಗ್‌ಹ್ಯಾಮಿನ ಚಿತ್ರ ಅಚ್ಚಾಗಿತ್ತು.

ನಮ್ಮಲ್ಲಿ ಸಿದ್ದಾಪುರದವರನ್ನು ಕೇಳಿ. ಕೊಡಗಿನಲ್ಲಿ ಒಂದು, ಉತ್ತರ ಕನ್ನಡದಲ್ಲಿ ತಾಲ್ಲೂಕು ಕೇಂದ್ರವಾದ ಒಂದು, ಕುಂದಾಪುರದ ಕಡೆ ಇನ್ನೊಂದು. ಸಂಬಂಧಿಕರೊಬ್ಬರು ಕರಿಮೆಣಸಿನ ಬಳ್ಳಿಗೆಂದು ತರಿಸಿದ ಔಷಧಿಯ ಪೊಟ್ಟಣ ಶಿರಸಿಯ ದಾರಿ ಹಿಡಿದು, ಮಳೆಗಾಲ ಅರ್ಧ ಕಳೆದ ಮೇಲೆ ಮನೆ ಸೇರಿತು. ಅಷ್ಟರಲ್ಲಿ ಸೊರಗು ರೋಗ ಬಳ್ಳಿಗಳನ್ನು ತಿಂದಾಗಿತ್ತು. ವಿಳಾಸದಲ್ಲಿ ಊರು, ರಾಜ್ಯ ಬರೆದು ಪಿನ್‌ಕೋಡ್ ಬಿಟ್ಟಿದ್ದರು. ಕೊಡಗಿನ ಸಿದ್ದಾಪುರದ್ದು 571253, ಉತ್ತರ ಕನ್ನಡದ್ದು 581355. ಅಂಚೆ ಇಲಾಖೆ 1972ರ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ತಂದದ್ದೇ ಇಂಥ ಗೊಂದಲಕ್ಕಾಗಿ: ಒಂದೇ ಹೆಸರಿನ ಊರುಗಳು, ಹಲವು ಭಾಷೆ, ಅರ್ಥವಾಗದ ಕೈಬರಹ. ವಿಮಾನ ನಿಲ್ದಾಣಗಳಿಗೆ ಮೂರು ಅಕ್ಷರದ ಸಂಕೇತ ಇರುವುದೂ ಇದಕ್ಕೇ. ಆಸ್ಟ್ರೇಲಿಯಾದ ಸಿಡ್ನಿ ಎಸ್‌ವೈಡಿ, ಕೆನಡಾದ್ದು ವೈಕ್ಯೂವೈ. ಟಿಕೆಟ್ ಮಾಡಿಸುವಾಗ ಊರಿನ ಹೆಸರಿಗಿಂತ ಸಂಕೇತವನ್ನು ಮೊದಲು ನೋಡಿ.

ಹಾಗಾದರೆ ಒಂದೇ ಹೆಸರಿನ ಊರುಗಳ ಹೆಸರು ಬದಲಿಸಬಾರದೇ?

ಗೊಂದಲ ತಪ್ಪಿಸುವುದಕ್ಕಷ್ಟೇ ಆದರೆ ಬೇಡ, ಆ ಕೆಲಸವನ್ನು ಪಿನ್‌ಕೋಡ್ ಮಾಡುತ್ತದೆ. ಜನರ ಬಾಯಲ್ಲಿ ಇರುವ ಹೆಸರನ್ನು ಕಾಗದಕ್ಕೂ ತರುವುದು ಬೇರೆ ಮಾತು. 2014ರ ನವೆಂಬರ್ 1ರಂದು ಕರ್ನಾಟಕದ ನಗರಗಳಿಗೆ ಇಂಗ್ಲಿಷಿನಲ್ಲೂ ಬೆಂಗಳೂರು, ಮೈಸೂರು, ಮಂಗಳೂರು ಎಂದೇ ಬರೆಯುವಂತಾದದ್ದು ಆ ಬಗೆಯದು, ಮತ್ತು ಅದು ಸರಿಯಾದದ್ದೇ.

ನಮ್ಮ ಊರಿನ ಹೆಸರಿನ ಮೂಲವನ್ನು ನಾವೇ ಹುಡುಕುವುದು ಹೇಗೆ?

ಅರ್ಥದಿಂದ ಶುರು ಮಾಡಬೇಡಿ. ಹೆಸರು ಮೊದಲು ಎಲ್ಲಿ, ಯಾವ ವರ್ಷ, ಯಾವ ರೂಪದಲ್ಲಿ ಬರೆಯಲ್ಪಟ್ಟಿದೆ ಎಂದು ನೋಡಿ. ಕೊಡಗಿನ ಮಟ್ಟಿಗೆ ನಮಗೆ ಒಂದು ಅನುಕೂಲವಿದೆ: ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಪುಟಗಳ ಸಾಲಿನಲ್ಲಿ ಮೊದಲನೆಯದೇ ಕೊಡಗಿನ ಶಾಸನಗಳದ್ದು, ಬಿ. ಎಲ್. ರೈಸ್ ಅದನ್ನು 1886ರಲ್ಲಿ ಹೊರತಂದರು. ಅದರ ನಂತರ ಕಂದಾಯದ ಹಳೆಯ ದಾಖಲೆ, ಜಮ್ಮಾ (ವಂಶಪಾರಂಪರ್ಯ ಹಕ್ಕಿನ) ಜಮೀನಿನ ಕಾಗದ, ದೇವಸ್ಥಾನದ ಗಂಟೆ ಮತ್ತು ಕಲ್ಲುಗಳ ಮೇಲಿನ ಬರಹ ನೋಡಿ.

ಆಮೇಲೆ ಜನರನ್ನು ಕೇಳಿ. ಒಂದೇ ಊರಿನ ಹೆಸರನ್ನು ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಮಾತನಾಡುವವರು ಹೇಗೆ ಹೇಳುತ್ತಾರೆ ಎಂದು ಬೇರೆ ಬೇರೆಯಾಗಿ ಬರೆದುಕೊಳ್ಳಿ. ಹೇಳಿದವರ ವಯಸ್ಸು, ಮನೆ, ದಿನಾಂಕ ಕೂಡ ಇರಲಿ. ಸುಂದರವಾದ ಕಥೆ ಸಿಕ್ಕಿದರೆ ಅದನ್ನೂ ಬರೆಯಿರಿ, ಆದರೆ ಕಥೆ ಎಂದೇ ಬರೆಯಿರಿ. ಟಿಪ್ಪು ಹುಟ್ಟಿದ ಸುದ್ದಿ ಕೇಳಿ ಹೈದರ್ ಅಲಿ ಸಂತೋಷದಿಂದ ಕುಶಾಲನಗರ ಎಂದು ಹೆಸರಿಟ್ಟ ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಟಿಪ್ಪು ಹುಟ್ಟಿದ್ದು 18ನೇ ಶತಮಾನದ ನಡುವಿನಲ್ಲಿ, ಆಗ ಹೈದರ್ ಕೊಡಗಿಗೆ ಕಾಲಿಟ್ಟೇ ಇರಲಿಲ್ಲ ಎಂಬುದನ್ನು ಪಕ್ಕದಲ್ಲೇ ಬರೆದಿಡಿ.

ಊರಿನ ಹೆಸರು ಹೇಗೂ ಸರ್ಕಾರದ ಕಾಗದದಲ್ಲಿ ಉಳಿಯುತ್ತದೆ. ಅದಕ್ಕಿಂತ ಮೊದಲು ಬಾಣೆ (ಗದ್ದೆಗೆ ಸೇರಿದ ಹುಲ್ಲು, ಕಾಡಿನ ನೆಲ), ಗದ್ದೆ, ತೋಡು (ಚಿಕ್ಕ ಹೊಳೆ), ಕಡಂಗ (ಹಳೆಯ ಕಂದಕ) ಇವುಗಳ ಹೆಸರುಗಳನ್ನು ಸಂಗ್ರಹಿಸಿ. ಗದ್ದೆ ಮಾರಾಟವಾಗಿ ಅಲ್ಲಿ ನಿವೇಶನಗಳ ಗೂಟ ಬಿದ್ದ ವರ್ಷವೇ ಅವು ಅಳಿಸಿಹೋಗುತ್ತಿವೆ, ಅವನ್ನು ಬಲ್ಲ ಅಜ್ಜಂದಿರು ಒಂದೊಂದು ಊರಿನಲ್ಲಿ ಇಬ್ಬರೋ ಮೂವರೋ ಉಳಿದಿದ್ದಾರೆ.